ಹಳೇ ದಾವಣಗೆರೆಯ ರೇಡಿಯೇಟರ್ ಅಂಗಡಿ ಮತ್ತು ನಮ್ಮ 98ರ ಮಾರುತಿ

ಕೂರಲು ಕುರ್ಚಿ ಇಲ್ಲ. ಒಂದು ಹಳೇ ಟೈರು, ಅದರ ಮೇಲೊಂದು ಹಲಗೆ, ಅಷ್ಟೇ. ಬಿಲ್ ಕೊಡುವುದಿಲ್ಲ. ಫೋನ್ ಮಾಡಿದರೆ ನಾಲ್ಕು ಸಲದಲ್ಲಿ ಮೂರು ಸಲ ಎತ್ತುವುದಿಲ್ಲ. ಬೋರ್ಡಿನ ಮೇಲಿದ್ದ ಹೆಸರು ಬಿಸಿಲಿಗೆ ಅಳಿಸಿಹೋಗಿದೆ, ‘ರೇಡಿಯೇಟರ್ ವರ್ಕ್ಸ್’ ಅನ್ನುವಷ್ಟು ಮಾತ್ರ ಉಳಿದಿದೆ (ಇಂಜಿನ್ನಿನ ಬಿಸಿ ನೀರನ್ನು ಗಾಳಿಯಿಂದ ತಣ್ಣಗೆ ಮಾಡುವ ಭಾಗವೇ ರೇಡಿಯೇಟರ್). ಆದರೂ ಐದಕ್ಕೆ ನಾಲ್ಕು ಕೊಡುತ್ತಿದ್ದೇನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಸುಮ್ನೆ ಅಂಕ ಹಾಕುವ ಅಭ್ಯಾಸ ಇಲ್ಲ. ಒಂದು ಅಂಕ ಎಲ್ಲಿ ಹೋಯಿತು ಅನ್ನುವುದನ್ನೂ ಹೇಳುತ್ತೇನೆ.

ನಮ್ಮದು 1998ರ ಮಾರುತಿ 800. ಮಾವನವರು ಚಿತ್ರದುರ್ಗದಲ್ಲಿದ್ದಾಗ ತೆಗೆದುಕೊಂಡಿದ್ದು, ಹಾಗಾಗಿ ಇವತ್ತಿಗೂ ಕೆಎ 16 ನಂಬರ್. ಮೂರು ಸಿಲಿಂಡರ್, 796 ಸಿಸಿ, ಕಾರ್ಬೊರೇಟರ್ ಗಾಡಿ. 15 ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಆಫೀಸಿಗೆ ಅಲೆದು 2013, 2018, 2023 ಅಂತ ಮೂರು ಸಲ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿದ್ದೇವೆ. ಪ್ರತಿ ಸಲವೂ ನಮ್ಮವರು "ಗುಜರಿಗೆ ಹಾಕೋಣ" ಅಂತಾರೆ. ನಾನು ಬಿಡುವುದಿಲ್ಲ. ಬಾನೆಟ್ ಎತ್ತಿದರೆ ಯಾವುದು ಎಲ್ಲಿದೆ ಅಂತ ಕಣ್ಣಿಗೆ ಕಾಣುವ ಕಾರು ಇದು. ಭರಮಸಾಗರದ ಕಡೆ ನನ್ನ ಸ್ಕೂಲು. ದಿನಾ ಹೈವೇಯಲ್ಲಿ ಹೋಗುವುದಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರ್, ಬರುವುದಕ್ಕೂ ಅಷ್ಟೇ.

ಕಳೆದ ವರ್ಷ ಫೆಬ್ರವರಿಯಲ್ಲಿ ಟೆಂಪರೇಚರ್ ಮುಳ್ಳು ಅರ್ಧ ದಾಟಲು ಶುರು ಮಾಡಿತು. ಅಷ್ಟರಲ್ಲೇ ನಿಲ್ಲುತ್ತೆ ಅಂದುಕೊಂಡೆ. ನಿಲ್ಲಲಿಲ್ಲ. ಮಾರ್ಚ್‌ನಲ್ಲಿ ಒಂದು ಭಾನುವಾರ ಮಧ್ಯಾಹ್ನ ಅತ್ತೆಯವರನ್ನು ನೋಡಲು ಚಿತ್ರದುರ್ಗಕ್ಕೆ ಹೊರಟಿದ್ದೆವು. ಹೆಬ್ಬಾಳು ಟೋಲ್ ದಾಟಿ ಸ್ವಲ್ಪ ದೂರ ಹೋಗಿದ್ದೆವೋ ಇಲ್ಲವೋ, ಮುಳ್ಳು ಕೆಂಪು ಗೆರೆಗೆ ಹೋಗಿ ಕೂತಿತು, ಬಾನೆಟ್ ಸಂದಿಯಿಂದ ಹಬೆ ಬಂತು. ಪಕ್ಕಕ್ಕೆ ಹಾಕಿದೆ. ನಮ್ಮವರು ಟವೆಲ್ ಹಿಡಿದು ರೇಡಿಯೇಟರ್ ಮುಚ್ಚಳ ತೆಗೆಯಲು ಹೋದರು. ನಾನು ಕೂಗಿದ ಕೂಗಿಗೆ ರಸ್ತೆ ಆಚೆ ಮೆಕ್ಕೆಜೋಳ ತೂರುತ್ತಿದ್ದವರು ತಿರುಗಿ ನೋಡಿದರು. ಒಳಗೆ ಪ್ರೆಶರ್‌ನಲ್ಲಿ ಇರುವ ನೀರು ನೂರು ಡಿಗ್ರಿ ಮೇಲೆ ಹೋಗಿದ್ದರೂ ನೀರಾಗಿಯೇ ಇರುತ್ತದೆ. ಮುಚ್ಚಳ ಸಡಿಲ ಆದ ಕ್ಷಣಕ್ಕೆ ಹಬೆಯಾಗಿ ಮುಖಕ್ಕೆ ಹಾರುತ್ತದೆ. ಮುಕ್ಕಾಲು ಗಂಟೆ ಹಾಗೇ ಕೂತು, ಆರಿದ ಮೇಲೆ ನೀರು ಹಾಕಿಕೊಂಡು, ಐವತ್ತರ ಮೇಲೆ ಹೋಗದೆ ವಾಪಸ್ ಬಂದೆವು.

ಆಮೇಲಿನ ಒಂದೂವರೆ ತಿಂಗಳು ಮೂರು ಜನರ ಕೈಗೆ ಕೊಟ್ಟೆ. ಅವರ ಹೆಸರು ಬೇಡ. ಮೊದಲನೆಯವರು "ವಾಲ್ವ್ ತೆಗೀಬೇಕ್ರಿ, ನಮ್ಮ ಬಿಸಿಲಿಗೆ ಅದು ಬೇಕಾಗಿಲ್ಲ" ಅಂತ ಥರ್ಮೋಸ್ಟಾಟ್ ವಾಲ್ವ್ (ಇಂಜಿನ್ ಬಿಸಿ ಏರುವವರೆಗೆ ನೀರು ರೇಡಿಯೇಟರ್‌ಗೆ ಹೋಗದಂತೆ ತಡೆಯುವುದು) ಕಿತ್ತು ನನ್ನ ಕೈಗೇ ಕೊಟ್ಟರು. ಎರಡನೆಯವರು ಫ್ಯಾನ್ ಮೋಟರ್ ಹೊಸದು ಹಾಕಿದರು. ಬೆಳಿಗ್ಗೆ ನೋಡಿದರೆ ರೇಡಿಯೇಟರಿನ ಮೇಲಿನ ಹೋಸ್ ಪೈಪು ಒಳಕ್ಕೆ ಚಪ್ಪಟೆ ಆಗಿರುತ್ತಿತ್ತು. ಅದನ್ನು ತೋರಿಸಿದೆ, ಹೋಸೂ ಹೊಸದು ಹಾಕಿದರು. ವಾರಕ್ಕೆ ಹೊಸ ಹೋಸೂ ಚಪ್ಪಟೆ! ಮೂರನೆಯವರು ಬಾನೆಟ್ ಎತ್ತಿದರು, ಆಕಳಿಸಿದರು, "ಹೆಡ್ ಗ್ಯಾಸ್ಕೆಟ್ ಹೋಗೈತಿ, 9,000 ಆಗ್ತತಿ" ಅಂದರು. ಇಂಜಿನ್ನಿನ ಹೆಡ್ ಕೆಳಗೆ ಗ್ಯಾಸು, ನೀರು, ಆಯಿಲ್ ಒಂದಕ್ಕೊಂದು ಬೆರೆಯದ ಹಾಗೆ ತಡೆಯುವ ಪ್ಯಾಕಿಂಗ್ ಅದು. ಮೂವರಲ್ಲಿ ಒಬ್ಬರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಷ್ಟರಲ್ಲಿ ನನ್ನ ಪುಸ್ತಕದ ಲೆಕ್ಕದಲ್ಲಿ ಮೈಲೇಜ್ 16ರಿಂದ 13ಕ್ಕೆ ಬಂದಿತ್ತು.

ಈ ಅಂಗಡಿ ತೋರಿಸಿದ್ದು ನಮ್ಮ ಸ್ಕೂಲಿನ ವ್ಯಾನ್ ಡ್ರೈವರ್. "ಮೇಡಂ, ಹಳೇ ಊರಾಗೆ ಒಬ್ಬ ಚಾಚಾ ಅದಾರೆ, ಟ್ರ್ಯಾಕ್ಟರ್ ರೇಡಿಯೇಟರ್ ಎಲ್ಲ ಅವರ ಹತ್ರನೇ" ಅಂದ. ಬೆಳಿಗ್ಗೆ ಎಂಟೂವರೆಗೆ ಹೋದೆ. ಚಾಚಾಗೆ ಅರವತ್ತೈದರ ಮೇಲೇ ಇರಬೇಕು. ಜೊತೆಗೆ ಒಬ್ಬ ಹುಡುಗ, ಅಕ್ಕನ ಮಗನಂತೆ. ಕಾರು ನಿಲ್ಲಿಸಿದ ತಕ್ಷಣ ಚಾಚಾ ಬಾನೆಟ್ ಕಡೆ ಬರಲಿಲ್ಲ. ಚಹಾ ಲೋಟ ಕೆಳಗಿಟ್ಟು ನನ್ನ ಕಿಟಕಿ ಹತ್ತಿರ ಬಂದರು.

"ಎಲ್ಲಿ ಕಾಯ್ತತಿ ಮೇಡಂ? ಊರಾಗೋ, ಹೈವೇದಾಗೋ?"

ಹೈವೇಯಲ್ಲಿ ಅಂದೆ. ಅರವತ್ತು ಎಪ್ಪತ್ತರಲ್ಲಿ ಅರ್ಧ ಗಂಟೆ ಹೋದ ಮೇಲೆ. ಊರೊಳಗೆ ಎಷ್ಟು ಜಾಮ್ ಇದ್ದರೂ ಕಾಯುವುದಿಲ್ಲ. ಫ್ಯಾನ್ ಬದಲಾಯಿಸಿದ್ದನ್ನೂ ಹೇಳಿದೆ.

"ಹಂಗಾದ್ರೆ ಫ್ಯಾನ್ ಯಾಕ್ ಬದ್ಲಿ ಮಾಡ್ಸಿದ್ರಿ? ಫ್ಯಾನ್ ಹೋದ್ರೆ ಮಂಡಿಪೇಟೆ ಜಾಮಿನಾಗೆ ಕಾಯ್ತತಿ. ರೇಡಿಯೇಟರ್ ಕಟ್ಟಿದ್ರೆ ಹೈವೇದಾಗೆ ಕಾಯ್ತತಿ."

ಇಷ್ಟು ಕೇಳಿದ್ದಕ್ಕೇ ನನ್ನ ಅರ್ಧ ದುಡ್ಡು ವಾಪಸ್ ಬಂದ ಹಾಗಾಯಿತು. ಯೋಚನೆ ಮಾಡಿದರೆ ಎಷ್ಟು ಸರಳ. ಗಾಡಿ ನಿಧಾನಕ್ಕೆ ಹೋಗುವಾಗ ರೇಡಿಯೇಟರ್‌ಗೆ ಗಾಳಿ ಕೊಡುವುದು ಫ್ಯಾನ್ ಮಾತ್ರ. ಜೋರಾಗಿ ಹೋಗುವಾಗ ಎದುರು ಗಾಳಿಯೇ ಸಾಕು, ಫ್ಯಾನ್‌ಗೆ ಕೆಲಸವೇ ಇಲ್ಲ. ಆದರೆ ಆಗ ಇಂಜಿನ್ ಹುಟ್ಟಿಸುವ ಬಿಸಿ ಜಾಸ್ತಿ. ಆ ಬಿಸಿಯನ್ನೆಲ್ಲ ಹೊರಗೆ ಹಾಕುವಷ್ಟು ನೀರು ರೇಡಿಯೇಟರ್‌ನಲ್ಲಿ ಹರಿಯದಿದ್ದರೆ ಮುಳ್ಳು ಏರುತ್ತದೆ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಉಷ್ಣದ ಪಾಠ ಮಾಡುತ್ತಿದ್ದೇನೆ, ನನಗೇ ಹೊಳೆದಿರಲಿಲ್ಲ.

ಮುಂದಿನ ಪ್ರಶ್ನೆ: "ನೀರು ಕಮ್ಮಿ ಆಗ್ತತೇನ್ರಿ? ಎಷ್ಟು?" ದಿನಾ ಬೆಳಿಗ್ಗೆ ಅರ್ಧ ಲೀಟರ್ ಹಾಕುತ್ತೇನೆ ಅಂದೆ. ಕೆಳಗೆಲ್ಲೂ ಸೋರುವುದಿಲ್ಲ. ವಿಚಿತ್ರ ಅಂದರೆ ರೇಡಿಯೇಟರ್ ಪಕ್ಕದ, ಉಕ್ಕಿದ ನೀರು ಬಂದು ಸೇರುವ ಪ್ಲಾಸ್ಟಿಕ್ ಬಾಟಲಿ ಯಾವಾಗಲೂ ಕಂಠಮಟ್ಟ ತುಂಬಿರುತ್ತದೆ. ಚಾಚಾ ನಕ್ಕು ಹುಡುಗನ ಕಡೆ ನೋಡಿದರು. "ಯಾವ ನೀರು ಹಾಕ್ತೀರಿ?"

"ಮನೆ ಬೋರ್‌ವೆಲ್‌ದು" ಅಂದೆ. ಹೇಳುವಾಗಲೇ ನಾಚಿಕೆ ಆಯಿತು. ಗಡಸು ನೀರು ಕಾಯಿಸಿದರೆ ಸುಣ್ಣದಂಥ ಪದರ ಕಟ್ಟುತ್ತದೆ ಅಂತ ಬೋರ್ಡ್ ಮೇಲೆ ಬರೆದು ಬರೆದು ಸಾಕಾಗಿದೆ. ನಮ್ಮ ಮನೆಯ ಗೀಸರ್ ಕಾಯಿಲ್ ಎರಡು ಸಲ ಬದಲಾಯಿಸಿದ್ದೇವೆ, ಸ್ಟೀಲ್ ಕೊಡದ ತಳ ನೋಡಿದರೆ ಸಾಕು ನಮ್ಮ ಬೋರ್ ನೀರು ಎಂಥದು ಅಂತ ಗೊತ್ತಾಗುತ್ತದೆ. ಅದೇ ನೀರನ್ನು ಎರಡು ತಿಂಗಳು ದಿನಾ ಅರ್ಧ ಲೀಟರಿನಂತೆ ಕಾರಿಗೆ ಕುಡಿಸಿದ್ದೇನೆ. ಭದ್ರಾ ನಾಲೆ ನೀರಾದರೂ ಹಾಕಬಹುದಿತ್ತು.

ಆಮೇಲೆ ಇಂಜಿನ್ ಪೂರ್ತಿ ತಣ್ಣಗಾಗಲಿ ಅಂತ ಒಂದೂವರೆ ಗಂಟೆ ಕಾಯಿಸಿದರು. ಬೆಣ್ಣೆ ದೋಸೆ ತಿಂದು ಬಂದೆ. ಬಂದಾಗ ಪರೀಕ್ಷೆ ಶುರುವಾಗಿತ್ತು. ನೋಡುವುದಕ್ಕೆ ಬಿಟ್ಟರು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಬೇರೆ ಗ್ಯಾರೇಜುಗಳಲ್ಲಿ ಹೆಂಗಸರು ಹತ್ತಿರ ಹೋಗಿ ನಿಂತರೆ "ಅಲ್ಲಿ ಕೂತ್ಕೊಳ್ರಿ ಮೇಡಂ" ಅಂತಾರೆ. ಇಲ್ಲಿ ಚಾಚಾ ಟಾರ್ಚ್ ನನ್ನ ಕೈಗೇ ಕೊಟ್ಟರು.

ಮೊದಲು ಮೂರನೆಯವರ 9,000 ರೂಪಾಯಿ ಮಾತನ್ನು ತಗೊಂಡರು. ಆಯಿಲ್ ಮುಚ್ಚಳದ ಒಳಮೈ ನೋಡಿದರು. ನೀರು ಆಯಿಲ್‌ಗೆ ಸೇರಿದ್ದರೆ ಅಲ್ಲಿ ಹಾಲು ಕಾಫಿ ಬಣ್ಣದ ಕೆನೆ ಇರುತ್ತದಂತೆ. ಇರಲಿಲ್ಲ. ರೇಡಿಯೇಟರ್ ಮುಚ್ಚಳ ತೆಗೆದು ಇಂಜಿನ್ ಚಾಲು ಮಾಡಿಸಿ ಐದು ನಿಮಿಷ ಆ ಬಾಯಿಯನ್ನೇ ನೋಡುತ್ತ ನಿಂತರು. ಗ್ಯಾಸ್ಕೆಟ್ ಹೋಗಿದ್ದರೆ ಸಿಲಿಂಡರಿನ ಗ್ಯಾಸು ನೀರಿಗೆ ನುಗ್ಗಿ ಗುಳ್ಳೆ ಮೇಲಿಂದ ಮೇಲೆ ಬರುತ್ತಲೇ ಇರಬೇಕು. ಮೊದಲಿಗೆ ನಾಲ್ಕು ಗುಳ್ಳೆ ಬಂದವು, ಆಮೇಲೆ ನಿಂತವು. ಕೊನೆಗೆ ಇಂಜಿನ್ ಬಂದ್ ಮಾಡಿ, ಸೈಕಲ್ ಪಂಪಿನ ಹಾಗಿರುವ ಒಂದು ಕೈಪಂಪನ್ನು ರೇಡಿಯೇಟರ್ ಬಾಯಿಗೆ ಸಿಕ್ಕಿಸಿ, ಮೀಟರ್‌ನಲ್ಲಿ ಪ್ರೆಶರ್ 0.9 ಆಗುವವರೆಗೆ ಒತ್ತಿದರು. ಕಾಲು ಗಂಟೆ ಬಿಟ್ಟರು. ಮುಳ್ಳು ಅಲ್ಲಾಡಲಿಲ್ಲ. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ, ಒಳಗಿನ ಸೀಲ್ ಹೋದರೆ ಅಲ್ಲಿಂದ ಹನಿಯುತ್ತದೆ. ಹುಡುಗ ಕನ್ನಡಿ ಹಿಡಿದು ಅದನ್ನೂ ನೋಡಿದ. ಒಣಗಿತ್ತು.

"ಹೆಡ್ ಗಟ್ಟಿಮುಟ್ಟು ಐತಿ. ಯಾರು ಹೇಳಿದ್ರೋ ಅವರ ಹೆಡ್ ನೋಡ್ಬೇಕು" ಅಂದರು ಚಾಚಾ.

ಗಮನಿಸಿ, ಪಂಪ್ ಹಾಕುವಾಗ ಮುಚ್ಚಳದ ಜಾಗದಲ್ಲಿ ಪಂಪ್ ಇರುತ್ತದೆ. ಮುಚ್ಚಳ ಒಂದು ಬಿಟ್ಟು ಬೇರೆಲ್ಲೂ ಪ್ರೆಶರ್ ಸೋರುತ್ತಿಲ್ಲ ಅಂದರೆ ಕಳ್ಳ ಯಾರು? ಮುಚ್ಚಳವನ್ನು ಅದೇ ಪಂಪಿಗೆ ಬೇರೆ ಮೂತಿ ಹಾಕಿ ಪರೀಕ್ಷಿಸಿದರು. ಅದರ ಮೇಲೆ 0.9 ಅಂತ ಅಚ್ಚು ಇದೆ. 0.4ಕ್ಕೇ ಉಸಿರು ಬಿಟ್ಟಿತು. ತಿರುಗಿಸಿ ತೋರಿಸಿದರು, ರಬ್ಬರ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ನಡುವೆ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ ಇನ್ನೊಂದು ವಾಲ್ವ್ ಇದೆ, ಉಗುರಿನಿಂದ ಎಳೆದರೆ ಬರಬೇಕು. ಉಪ್ಪು ಕಟ್ಟಿ ಅಂಟಿಕೊಂಡಿತ್ತು.

ಇಲ್ಲಿ ನನಗೆ ಎಲ್ಲ ಅರ್ಥವಾಯಿತು. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ನೂರಕ್ಕೆ ಕುದಿಯುವುದೇ ಇಲ್ಲ, 98ರ ಹತ್ತಿರ ಕುದಿಯುತ್ತದೆ. ಪ್ರತಿ ವರ್ಷ ಲ್ಯಾಬ್‌ನಲ್ಲಿ ಯಾವನಾದರೂ ಒಬ್ಬ ಹುಡುಗ "ಮಿಸ್, ಥರ್ಮಾಮೀಟರ್ ಸುಳ್ಳು ಹೇಳ್ತತಿ" ಅಂತಾನೆ. ಮುಚ್ಚಳ 0.9 ಪ್ರೆಶರ್ ಹಿಡಿದರೆ ಬರೀ ನೀರಾದರೂ 118 ಡಿಗ್ರಿವರೆಗೆ ತಡೆಯುತ್ತದೆ. 0.4ಕ್ಕೇ ಬಿಟ್ಟುಕೊಟ್ಟರೆ 108ಕ್ಕೇ ಕುದಿ ಶುರು. ಕುದಿದ ನೀರು ಬಾಟಲಿಗೆ ಓಡುತ್ತದೆ. ರಾತ್ರಿ ಇಂಜಿನ್ ಆರುವಾಗ ಒಳಗಿನ ನೀರು ಕುಗ್ಗುತ್ತದೆ, ಆಗ ನಡುವಿನ ಸಣ್ಣ ವಾಲ್ವ್ ತೆರೆದು ಬಾಟಲಿಯ ನೀರನ್ನು ವಾಪಸ್ ಎಳೆದುಕೊಳ್ಳಬೇಕು. ಅದು ಅಂಟಿಕೊಂಡಿದೆ. ನೀರು ಬರುವುದಿಲ್ಲ, ಬದಲಿಗೆ ರಬ್ಬರ್ ಹೋಸೇ ಒಳಕ್ಕೆ ಎಳೆದುಕೊಂಡು ಚಪ್ಪಟೆ ಆಗುತ್ತದೆ. ಬಾಟಲಿ ತುಂಬಿ ತುಳುಕುತ್ತದೆ, ರೇಡಿಯೇಟರ್ ಖಾಲಿ. ನಾನೋ ಬಾಟಲಿ ನೋಡಿ ಸಮಾಧಾನ ಪಟ್ಟುಕೊಳ್ಳುತ್ತಿದ್ದೆ. ಹೋಸ್ ಬದಲಾಯಿಸಿದವರಿಗೆ ಕೊಟ್ಟ ದುಡ್ಡು ನೆನಪಾಗಿ ಹೊಟ್ಟೆ ಉರಿಯಿತು.

ಮುಚ್ಚಳ ಅರ್ಧ ಕಥೆ. ಇನ್ನರ್ಧಕ್ಕೆ ಇಂಜಿನ್ ಚೆನ್ನಾಗಿ ಕಾಯಿಸಿ, ಬಂದ್ ಮಾಡಿ, ಫ್ಯಾನಿನ ವೈರ್ ಕಿತ್ತಿಟ್ಟು, "ಮುಂದ್ಲಿಂದ ಮುಟ್ಟಿ ನೋಡ್ರಿ, ಹುಷಾರು" ಅಂದರು. ಎಡಗಡೆ ಬೆರಳು ಇಡಲು ಆಗುವುದಿಲ್ಲ. ಅದೇ ಎತ್ತರದಲ್ಲಿ ಬಲಗಡೆ ಎರಡು ಅಂಗೈ ಅಗಲದಷ್ಟು ಜಾಗ ಬರೀ ಬೆಚ್ಚಗೆ. ಅಲ್ಲಿಯ ಕೊಳವೆಗಳಲ್ಲಿ ನೀರೇ ಓಡುತ್ತಿಲ್ಲ. ಹೊರಗಿನ ಕಥೆಯೂ ಚೆನ್ನಾಗಿರಲಿಲ್ಲ. ಸುಗ್ಗಿ ಹೊತ್ತಿನಲ್ಲಿ ನಮ್ಮ ಕಡೆ ಸರ್ವಿಸ್ ರೋಡ್ ತುಂಬ ಮೆಕ್ಕೆಜೋಳ ಹರವಿರುತ್ತಾರೆ, ಅದರ ಹೊಟ್ಟು ಹಾರಿ ಬಂದು ರೇಡಿಯೇಟರಿನ ತೆಳು ಲೋಹದ ಎಲೆಗಳ ಸಂದಿಯಲ್ಲಿ ಹುಳು ಹುಪ್ಪಟೆ ಜೊತೆ ಗೂಡು ಕಟ್ಟಿತ್ತು. ಹುಡುಗ ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟ. ಮುಂದಿನಿಂದ ಬಿಟ್ಟರೆ ಕಸ ಇನ್ನೂ ಒಳಗೆ ಹೋಗುತ್ತದಂತೆ. ಅರ್ಧ ಬುಟ್ಟಿ ಕಸ ಬಿತ್ತು, ಉತ್ಪ್ರೇಕ್ಷೆ ಅಲ್ಲ.

ನಮ್ಮದು ಹಿತ್ತಾಳೆ-ತಾಮ್ರದ ಹಳೇ ರೇಡಿಯೇಟರ್ ಆಗಿದ್ದು ಪುಣ್ಯ. ಬೆಂಕಿ ಹಿಡಿದು ಬೆಸುಗೆ ಬಿಚ್ಚಿ ಟ್ಯಾಂಕ್ ಬೇರೆ ಮಾಡಿ, ಒಂದೊಂದೇ ಕೊಳವೆಗೆ ತೆಳ್ಳನೆಯ ಪಟ್ಟಿ ತೂರಿಸಿ ಎಳೆದರು. ಇದಕ್ಕೆ ರಾಡಿಂಗ್ ಅಂತಾರೆ. ಬಿಳಿ ಕಂದು ಬಣ್ಣದ ಚೂರುಗಳು ಹಪ್ಪಳದ ಹಾಗೆ ಉದುರಿದವು. ನಾಲ್ಕು ಚೂರು ಪೊಟ್ಟಣ ಕಟ್ಟಿಕೊಂಡೆ. ಲ್ಯಾಬ್‌ನಲ್ಲಿ ಆ್ಯಸಿಡ್ ಹನಿ ಬಿಟ್ಟಾಗ ಬುಸ್ ಅಂತ ನೊರೆ ಬಂತು. ಆ ವರ್ಷದ ಎಂಟನೇ ಕ್ಲಾಸಿನವರಿಗೆ ಗಡಸು ನೀರಿನ ಪಾಠ ಯಾವತ್ತೂ ಮರೆಯುವುದಿಲ್ಲ. ಹೊಸ ಕಾರುಗಳ ಅಲ್ಯೂಮಿನಿಯಂ-ಪ್ಲಾಸ್ಟಿಕ್ ರೇಡಿಯೇಟರ್‌ಗೆ ಈ ಕೆಲಸ ಆಗುವುದಿಲ್ಲ. ಚಾಚಾನೇ ಹೇಳುತ್ತಾರೆ, "ಅದು ಬಂದ್ರೆ ನಾನು ಮುಟ್ಟಂಗಿಲ್ಲ, ಹೊಸದು ಹಾಕಿಸ್ಕೊಳ್ರಿ ಅಂತೀನಿ." ಅಂಥ ಗಾಡಿ ಇರುವವರು ಸುಮ್ನೆ ಹೋಗಬೇಡಿ.

ಎರಡನೇ ದಿನ ಕಿತ್ತಿಟ್ಟಿದ್ದ ಥರ್ಮೋಸ್ಟಾಟ್ ವಾಲ್ವ್ ನೆನಪಾಯಿತು. ಡ್ಯಾಶ್‌ಬೋರ್ಡ್ ಖಾನೆಯಲ್ಲೇ ಇತ್ತು. ವಾಲ್ವ್ ಬೇಡ ಅನ್ನುವ ಮಾತು ಕೇಳಿ ಚಾಚಾಗೆ ಸಿಟ್ಟು ಬಂತು. ವಾಲ್ವ್ ಇಲ್ಲದಿದ್ದರೆ ಇಂಜಿನ್ ಬೇಗ ಬಿಸಿ ಏರುವುದಿಲ್ಲ, ಚೋಕ್ ಎಳೆದುಕೊಂಡೇ ಓಡಬೇಕು, ಪೆಟ್ರೋಲ್ ಸುಡುತ್ತದೆ. ನನ್ನ 13ರ ಮೈಲೇಜಿಗೆ ಅದೇ ಕಾರಣ. ಸ್ಕೂಲಿನ ಥರ್ಮಾಮೀಟರ್ ಬ್ಯಾಗಿನಲ್ಲೇ ಇತ್ತು. ಚಹಾ ಕಾಸುವ ಪಾತ್ರೆಯಲ್ಲಿ ನೀರಿಟ್ಟು ವಾಲ್ವನ್ನು ತಂತಿಯಲ್ಲಿ ಇಳಿಬಿಟ್ಟೆವು. ಅದರ ಮೇಲೆ 82 ಅಂತ ಅಚ್ಚಿತ್ತು. 80ಕ್ಕೆ ಏನೂ ಇಲ್ಲ. 83ಕ್ಕೆ ಕೂದಲೆಳೆಯಷ್ಟು ಸಂದಿ ಕಂಡಿತು. 95ಕ್ಕೆ ಪೂರ್ತಿ ಬಾಯಿ ಬಿಟ್ಟಿತು. ಬೆಂಕಿ ಆರಿಸಿದ ಮೇಲೆ ಮೆಲ್ಲಗೆ ಮುಚ್ಚಿಕೊಂಡಿತು. ಒಳ್ಳೇ ವಾಲ್ವ್. ಏನೂ ತಪ್ಪು ಮಾಡದೆ ಇಷ್ಟು ದಿನ ಖಾನೆಯಲ್ಲಿ ಬಿದ್ದಿತ್ತು, ಪಾಪ. ಅದರಲ್ಲಿರುವ ಅಲ್ಲಾಡುವ ಪುಟ್ಟ ಪಿನ್ ಮೇಲಕ್ಕೆ ಬರುವ ಹಾಗೆ ಕೂರಿಸಿದರು, ಒಳಗೆ ಸಿಕ್ಕಿಕೊಂಡ ಗಾಳಿ ಹೋಗಲು ಅದೇ ದಾರಿ.

ಕೊನೆಗೆ ಒಂದು ಲೀಟರ್ ಕೂಲಂಟ್‌ಗೆ (ರೇಡಿಯೇಟರ್ ನೀರಿಗೆ ಬೆರೆಸುವ ದ್ರವ) ಎರಡು ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಡಿಸ್ಟಿಲ್ಡ್ ವಾಟರ್. ಮುಚ್ಚಳ ತೆಗೆದಿಟ್ಟೇ ಇಂಜಿನ್ ಓಡಿಸಿ, ಫ್ಯಾನ್ ಎರಡು ಸಲ ತಾನಾಗಿ ತಿರುಗುವವರೆಗೆ ಕಾದು, ಮಟ್ಟ ಇಳಿದ ಹಾಗೆಲ್ಲ ತುಂಬಿಸಿದರು. ನೆಲಕ್ಕೆ ಚೆಲ್ಲಿದ ಹಸಿರು ಕೂಲಂಟನ್ನು ಹುಡುಗ ಮಣ್ಣು ಹಾಕಿ ಬಳಿದು ತೆಗೆದ. ಅದು ಸಿಹಿ, ಆದರೆ ವಿಷ. ಆ ಬೀದಿಯಲ್ಲಿ ಆಡು, ನಾಯಿ ಓಡಾಡುತ್ತವೆ. ಇದನ್ನು ಮಾಡುವ ಗ್ಯಾರೇಜ್ ನಾನು ಬೇರೆ ನೋಡಿಲ್ಲ.

ಖರ್ಚು: ಬಿಚ್ಚಿ ರಾಡಿಂಗ್ ಮಾಡಿ ಕೂರಿಸಿದ್ದಕ್ಕೆ 1,100, ಹೊಸ ಮುಚ್ಚಳ 160, ಕೂಲಂಟ್ 320, ಪ್ಯಾಕಿಂಗ್ ಮತ್ತು ಕ್ಲಿಪ್ 70. ಒಟ್ಟು 1,650 ರೂಪಾಯಿ. ಪರೀಕ್ಷೆಗೆ ಅಂತ ಬೇರೆ ದುಡ್ಡು ಕೇಳಲಿಲ್ಲ. ಸಿಗರೇಟ್ ಪ್ಯಾಕಿನ ಹಿಂದೆ ಬರೆದ ಲೆಕ್ಕವೇ ನನ್ನ ಬಿಲ್ಲು.

ಈಗ ಆ ಒಂದು ಅಂಕ. ರೇಡಿಯೇಟರ್ ವಾಪಸ್ ಕೂರಿಸುವಾಗ ಹುಡುಗ ಹಾರ್ನ್ ವೈರ್ ಸಿಕ್ಕಿಸಲು ಮರೆತಿದ್ದ. ಅದು ನನಗೆ ಗೊತ್ತಾಗಿದ್ದು ಮರುದಿನ ಬೆಳಿಗ್ಗೆ ಆನಗೋಡಿನ ಹತ್ತಿರ ಎಮ್ಮೆ ಅಡ್ಡ ಬಂದಾಗ. ಮುಂದಿನ ಗ್ರಿಲ್ಲಿನ ಒಂದು ಕ್ಲಿಪ್ಪೂ ಮುರಿದಿತ್ತು, ಹೇಳಿರಲಿಲ್ಲ. ಸಂಜೆ ಹೋಗಿ ಕೇಳಿದೆ. ಚಾಚಾ ಹುಡುಗನಿಗೆ ಬೈದು ವೈರ್ ಹಾಕಿಸಿದರು, ಕ್ಲಿಪ್ಪಿಗೆ ತಂತಿ ಕಟ್ಟಿ ಕಳಿಸಿದರು. ಒಂದು ದಿನದ ಕೆಲಸ ಅಂದಿದ್ದು ಎರಡು ದಿನ ಹಿಡಿಯಿತು, ಅದನ್ನೂ ಸೇರಿಸಿಕೊಳ್ಳಿ. ಅಕ್ಕಪಕ್ಕ ಹೆಂಗಸರಿಗೆ ಶೌಚಾಲಯ ಇಲ್ಲ, ದೋಸೆ ಹೋಟೆಲ್‌ಗೇ ಹೋಗಬೇಕು.

ಏಪ್ರಿಲ್ ಕೊನೆಯಲ್ಲಿ, ಡಾಂಬರು ಕರಗುವಂಥ ಒಂದು ಮಧ್ಯಾಹ್ನ, ನಾಲ್ಕು ಜನ ಮತ್ತು ಒಂದು ಮೂಟೆ ಅಕ್ಕಿ ಹಾಕಿಕೊಂಡು ಮತ್ತೆ ಚಿತ್ರದುರ್ಗಕ್ಕೆ ಹೋದೆವು. ಎಪ್ಪತ್ತರಲ್ಲೇ ಹೋದೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುವವರೆಗೂ ನಮ್ಮವರು ರಸ್ತೆ ನೋಡಲಿಲ್ಲ, ಮುಳ್ಳನ್ನೇ ನೋಡುತ್ತಿದ್ದರು. ಅರ್ಧದ ಕೆಳಗೇ ಇತ್ತು. ಅಲ್ಲಿಂದ ಇಲ್ಲಿಯವರೆಗೆ ನೀರು ಹಾಕಿದ್ದು ಒಂದೇ ಸಲ, ಒಂದು ಲೋಟದಷ್ಟು, ಡಿಸ್ಟಿಲ್ಡ್ ವಾಟರೇ. ಮೈಲೇಜ್ ಹದಿನೈದೂವರೆಗೆ ವಾಪಸ್ ಬಂದಿದೆ.

ಹೋಗುವವರು ಬೆಳಿಗ್ಗೆ ಒಂಬತ್ತರ ಒಳಗೆ ಹೋಗಿ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಬಾಗಿಲು ಹಾಕಿದರೆ ಮೂರು ಗಂಟೆವರೆಗೆ ತೆಗೆಯುವುದಿಲ್ಲ. ಗಾಡಿ ಓಡಿಸಿಕೊಂಡು ಹೋದರೆ ಇಂಜಿನ್ ಆರುವವರೆಗೆ ಚಾಚಾ ಮುಚ್ಚಳ ಮುಟ್ಟುವುದೇ ಇಲ್ಲ, ಎಷ್ಟು ಅವಸರ ಮಾಡಿದರೂ ಅಷ್ಟೇ. ಆ ಹಲಗೆ ಮೇಲೆ ಹಾಸಲು ಒಂದು ಹಳೇ ಪೇಪರ್ ತಗೊಂಡು ಹೋಗಿ, ಗ್ರೀಸ್ ಇರುತ್ತದೆ.